ಅಜ್ಜನ ಏಳು, ಅಪ್ಪನ ಮೂರು, ಮೊಮ್ಮಗನ ನಾಲ್ಕು

ನಾನು ಹೇಳಹೊರಟಿರುವ ಈ ಮನುಷ್ಯನ ಮುತ್ತಜ್ಜ ಗೋದಾಮಿನಲ್ಲಿ ರಾಟೆಯ ಹಗ್ಗ ಎಳೆಯುತ್ತಿದ್ದವನು. ಲಿಫ್ಟು ಎಂಬ ಮಾತೇ ಇಲ್ಲದ ಕಾಲ. ಮೂಟೆಗಳನ್ನು ಮೂರನೆಯ ಅಂತಸ್ತಿಗೆ ಏರಿಸುವುದೂ ಇಳಿಸುವುದೂ ಅವನ ಎರಡು ತೋಳಿನ ಕೆಲಸ. ಒಂದು ಮಧ್ಯಾಹ್ನ ರಾಟೆಯ ಅಚ್ಚು ಮುರಿದು, ಕೆಳಗೆ ಕೂತು ಉಗುರು ಕಡಿಯುತ್ತಿದ್ದ ಹಮಾಲನ ನೆತ್ತಿಯ ಮೇಲೆ ಮೂಟೆ ಬೀಳುವುದರಲ್ಲಿತ್ತು. ಮುತ್ತಜ್ಜ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಂಬಕ್ಕೆ ಕಾಲು ಕೊಟ್ಟು ನಿಂತ. ಹಮಾಲ ಉಳಿದ. ಮುತ್ತಜ್ಜನ ಅಂಗೈಯ ಚರ್ಮ ಹಗ್ಗದ ಜೊತೆ ಹೋಯಿತು. ಆಮೇಲೆ ಸಾಯುವವರೆಗೂ ಆ ಕೈಗಳಲ್ಲಿ ರೇಖೆಗಳೇ ಇರಲಿಲ್ಲವಂತೆ.

ಅವನ ಮಗ, ಅಂದರೆ ಇವನ ಅಜ್ಜ, ಲಿಫ್ಟು ಕಂಪನಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿ ತಪಾಸಣೆಗಾರನಾದವನು. ಮೂವತ್ತು ದಾಟುವ ತನಕ ಓದಲು ಬರುತ್ತಿರಲಿಲ್ಲ. ಆಗ ಲಿಫ್ಟಿನಲ್ಲಿ ಏನನ್ನು ನೋಡಬೇಕು ಎಂಬುದಕ್ಕೆ ಲೆಕ್ಕವಿರಲಿಲ್ಲ. ಒಬ್ಬ ಹಗ್ಗ ನೋಡಿದರೆ ಇನ್ನೊಬ್ಬ ಕನ್ನಡಿ ನೋಡಿ ತಲೆ ಬಾಚಿಕೊಂಡು ಬರುತ್ತಿದ್ದ. ಅಜ್ಜ ಒಂದು ವರ್ಷ ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂರುವ ಪ್ರತಿಯೊಬ್ಬ ಆಪರೇಟರನ್ನೂ ಒಂದೇ ಪ್ರಶ್ನೆ ಕೇಳಿದ: “ಏನು ಕೆಟ್ಟಾಗ ನಿನಗೆ ಜೀವ ಬಾಯಿಗೆ ಬಂದಿತ್ತು?” ಸಿಕ್ಕ ಉತ್ತರಗಳನ್ನು ಜರಡಿ ಹಿಡಿದಾಗ ಏಳು ಉಳಿದವು. ಹಗ್ಗ, ಬ್ರೇಕು, ಬಾಗಿಲ ಬೀಗ, ತುರ್ತು ಬಟನ್ನು, ಗಂಟೆ, ದೀಪ, ತಳದ ಗುಂಡಿ. ಆಗಷ್ಟೇ ಕಲಿತಿದ್ದ ಅಕ್ಷರಗಳಲ್ಲಿ, ಒಂದೊಂದೂ ಅಂಗೈಯಗಲ, ಅವನ್ನು ಮೋಟಾರು ಕೋಣೆಯ ಗೋಡೆಗೆ ಇದ್ದಿಲಿನಿಂದ ಬರೆದ. ಕಂಪನಿಯವರು ಮೆಚ್ಚಿ ಹಿತ್ತಾಳೆಯದೊಂದು ದುಂಡು ಸೀಲು ಮಾಡಿಸಿಕೊಟ್ಟರು. ಹಾಳೆಯ ಮೇಲೆ ಆ ಸೀಲು ಬೀಳದೆ ಲಿಫ್ಟಿಗೆ ಜನ ಹತ್ತುವಂತಿಲ್ಲ.

ಅಪ್ಪನ ಕಾಲಕ್ಕೆ ಸರಕು ಲಿಫ್ಟುಗಳು ಬಂದವು. ಆತನೂ ಹೊರೆ ಹೊರುವವರ ಜೊತೆ ಮೂರು ತಿಂಗಳು ಚಹಾ ಕುಡಿದು, ಅವರನ್ನು ಕೇಳಿ ಕೇಳಿ, ಅಜ್ಜನ ಏಳರ ಕೆಳಗೆ ಮೂರು ಸೇರಿಸಿದ: ಭಾರದ ಮಿತಿ, ನೆಲದ ಮಟ್ಟ, ತಳದ ಹಲಗೆ. ಸೀಲು ಆತನ ಕೈಗೆ ಬಂತು. ನಾನು ಆತನ ಕೈಕೆಳಗೆ ಹನ್ನೊಂದು ವರ್ಷ ವೈರಿಂಗ್ ಮಾಡಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಆತ ನಾಚಿಕೊಂಡದ್ದನ್ನು ಒಂದು ದಿನವೂ ಕಾಣಲಿಲ್ಲ.

ಇಂಥ ಮನೆಯಲ್ಲಿ ಇವನು ಹುಟ್ಟಿದ.

ಈಗ ವಯಸ್ಸು ನಲವತ್ತನಾಲ್ಕು. ನೆತ್ತಿ ಬೋಳು, ಹೊಟ್ಟೆ ಮುಂದೆ. ಆದರೂ ಕಚೇರಿಯಲ್ಲಿ ಎಲ್ಲರೂ ಇವನನ್ನು ಕರೆಯುವುದು ಮೊಮ್ಮಗ ಎಂದು. ತಪ್ಪು ಅವರದಲ್ಲ. ಮೊದಲ ದಿನ ಕಚೇರಿಯ ಬಾಗಿಲಲ್ಲಿ ಕಾವಲುಗಾರ “ಯಾರು?” ಎಂದು ಕೇಳಿದಾಗ ತನ್ನ ಹೆಸರು ಹೇಳುವ ಬದಲು “ನಾನು ಅವರ ಮೊಮ್ಮಗ” ಎಂದು ಗೋಡೆಯ ಮೇಲಿದ್ದ ಅಜ್ಜನ ಫೋಟೋ ಕಡೆ ಕೈ ತೋರಿಸಿದ್ದ. ಅಂದಿನಿಂದ ಅದೇ ಅಂಟಿಕೊಂಡಿತು. ಚಹಾ ಬಿಸಿಯಿಲ್ಲದಿದ್ದರೆ “ನಮ್ಮಜ್ಜನ ಕಾಲದಲ್ಲಿ…” ಎನ್ನುತ್ತಾನೆ. ಫ್ಯಾನು ಕಿರುಗುಟ್ಟಿದರೆ “ನಮ್ಮಜ್ಜ ಆಗಿದ್ದರೆ…” ಎನ್ನುತ್ತಾನೆ. ಆ ಅಜ್ಜ ತೀರಿಕೊಂಡಾಗ ಇವನಿಗೆ ಎರಡು ವರ್ಷ. ನೆನಪಿರುವುದು ಆತನ ಕೆಮ್ಮು ಮಾತ್ರ ಎಂದು ಇವನ ತಂಗಿಯೇ ನನಗೆ ಹೇಳಿದ್ದಾಳೆ.

ಆ ತಂಗಿಯೂ ಅದೇ ಕಚೇರಿಯಲ್ಲಿ ಅದೇ ಕೆಲಸ ಮಾಡುತ್ತಾಳೆ, ಪ್ರೋಗ್ರಾಮು ಬರೆಯುವುದು. ಇವನಿಗಿಂತ ಆರು ವರ್ಷ ಚಿಕ್ಕವಳು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವುದೊಂದು ಬಿಟ್ಟರೆ ಬೇರೆ ದೋಷ ನನಗೆ ಕಾಣಲಿಲ್ಲ. ಅವಳ ಅಜ್ಜನೂ ಅದೇ ಅಜ್ಜ. ಆದರೆ ಅವಳನ್ನು ಯಾರೂ ಮೊಮ್ಮಗಳು ಎಂದು ಕರೆದದ್ದಿಲ್ಲ. ಅಪ್ಪ ಕೆಲಸ ಬಿಟ್ಟ ದಿನ ಸೀಲು ನೇರವಾಗಿ ಮಗನ ಜೇಬಿಗೆ ಬಿತ್ತು. ಮಗಳನ್ನು ಕರೆದು ಊಟದ ತಟ್ಟೆಗಳನ್ನು ಒಳಗಿಡಲು ಹೇಳಿದ. ಒಳ್ಳೆಯ ಮನುಷ್ಯನೂ ಕೆಲವು ಕಡೆ ಕುರುಡ.

ಈಗ ನಡೆದದ್ದಕ್ಕೆ ಬರುತ್ತೇನೆ.

ಒಂದು ಹೊಸ ಆಸ್ಪತ್ರೆ ಏಳುತ್ತಿತ್ತು, ಆರು ಅಂತಸ್ತು. ರೋಗಿಯನ್ನು ಮಂಚದ ಸಮೇತ ಮೇಲಕ್ಕೊಯ್ಯುವ ಲಿಫ್ಟು ನಮ್ಮ ಕಂಪನಿಯದು. ಅದಕ್ಕೆ ಹೊಸದಾಗಿ ನೋಡಬೇಕಾದ ಸಂಗತಿಗಳು ನಾಲ್ಕು: ಮಂಚದ ಗಾಲಿ ತಡೆ, ಸಿಲಿಂಡರು ಕೊಕ್ಕೆ, ಬ್ಯಾಟರಿ, ಸದ್ದಿಲ್ಲದ ಬಾಗಿಲು. ಈ ನಾಲ್ಕನ್ನು ಗೊತ್ತು ಮಾಡಿದವನು ಮೊಮ್ಮಗ. ಕುರ್ಚಿಯಿಂದ ಏಳದೆಯೇ ಗೊತ್ತು ಮಾಡಿದ. ಆದರೂ ನಾಲ್ಕೂ ಸರಿಯಾಗಿಯೇ ಇದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಏಳು, ಮೂರು, ನಾಲ್ಕು. ಒಟ್ಟು ಹದಿನಾಲ್ಕು ಆಗಬೇಕು. ಓದುವವರು ಈ ಲೆಕ್ಕವನ್ನು ಬೆರಳಿನಲ್ಲಿ ಹಿಡಿದುಕೊಂಡಿರಲಿ.

ಇವನ ಪ್ರೋಗ್ರಾಮಿನಲ್ಲಿ ಇವು ಮೂರು ಇಂಟರ್‌ಫೇಸುಗಳಾಗಿದ್ದವು. ಇಂಟರ್‌ಫೇಸ್ ಎಂದರೆ ಕೆಲಸವಲ್ಲ, ಕೆಲಸದ ಕರಾರು ಪತ್ರ. “ಲಿಫ್ಟು ಅನ್ನಿಸಿಕೊಳ್ಳಬೇಕಾದರೆ ಇಷ್ಟಕ್ಕೆ ಉತ್ತರ ಕೊಡು” ಎಂದು ಬರೆದಿಟ್ಟ ಪಟ್ಟಿ. ಲಿಫ್ಟು ಎಂಬ ಕರಾರಿನಲ್ಲಿ ಅಜ್ಜನ ಏಳು. ಅದರಿಂದ ಹುಟ್ಟಿದ ಸರಕು ಲಿಫ್ಟಿನ ಕರಾರಿನಲ್ಲಿ ಅಪ್ಪನ ಮೂರು. ಅದರಿಂದ ಹುಟ್ಟಿದ ಆಸ್ಪತ್ರೆ ಲಿಫ್ಟಿನ ಕರಾರಿನಲ್ಲಿ ಇವನ ನಾಲ್ಕು. ಹಿಂದಿನವರು ಬರೆದದ್ದನ್ನು ಮತ್ತೆ ಬರೆಯಬೇಕಿಲ್ಲ, ಹುಟ್ಟಿನಿಂದಲೇ ಅವು ಇವಕ್ಕೂ ಬಂದಿರುತ್ತವೆ. ಕರಾರಿನ ಕೆಲಸವನ್ನು ನಿಜವಾಗಿ ಮಾಡುವ ಭಾಗಕ್ಕೆ ಕ್ಲಾಸ್ ಎನ್ನುತ್ತಾರೆ. ಅದು ಕರಾರಿಗೆ ಒಪ್ಪಿ, ಹೇಳಿದ್ದನ್ನೆಲ್ಲ ಮಾಡಿ ತೋರಿಸಬೇಕು.

ತಪಾಸಣೆಯ ಹಾಳೆಯನ್ನು ಕೈಯಲ್ಲಿ ಬರೆಯುವುದನ್ನು ನಿಲ್ಲಿಸಿ ಪ್ರೋಗ್ರಾಮೇ ಬರೆಯಲಿ ಎಂದು ಮೇಲಿನವರು ಬಯಸಿದರು. ಅದಕ್ಕೊಂದು ವಿದ್ಯೆಯಿದೆ, ರಿಫ್ಲೆಕ್ಷನ್. ಓಡುತ್ತಿರುವ ಪ್ರೋಗ್ರಾಮು ತನ್ನದೇ ಕಾಗದಪತ್ರಗಳನ್ನು ಎದುರಿಗೆ ನಿಲ್ಲಿಸಿಕೊಂಡು “ನಿನ್ನಲ್ಲಿ ಏನೇನಿದೆ, ಬಾಯಿ ಬಿಡು” ಎಂದು ಕೇಳುವುದು. ಮೊಮ್ಮಗ ಮೊದಲು ಸರಕು ಲಿಫ್ಟಿನ ಕ್ಲಾಸನ್ನು ಕೇಳಿ ನೋಡಿದ. ಅದು ಒಂದೂ ಬಿಡದೆ ಹತ್ತನ್ನೂ ಹೇಳಿತು. ಹಾಳೆಯಲ್ಲಿ ಹತ್ತು ಸಾಲು ಬಿತ್ತು. ಇವನು ಎದೆಯುಬ್ಬಿಸಿಕೊಂಡು ಕಾರಿಡಾರಿನಲ್ಲಿ ಎರಡು ಸುತ್ತು ಹೊಡೆದ.

ಆಸ್ಪತ್ರೆ ಲಿಫ್ಟಿಗೆ ಇನ್ನೂ ಕ್ಲಾಸ್ ಬರೆದಿರಲಿಲ್ಲ, ಕರಾರು ಮಾತ್ರ ಇತ್ತು. ಅದಕ್ಕೇನು, ಕರಾರನ್ನೇ ಕೇಳಿದರಾಯಿತು ಎಂದು ಕೇಳಿದ. ಇಲ್ಲೇ ಎಡವಿದ್ದು. ನಮ್ಮ ಕಚೇರಿಯಲ್ಲಿ ಬಳಸುವ ಭಾಷೆಯಲ್ಲಿ ಕ್ಲಾಸನ್ನು ಕೇಳಿದರೆ ಹಿರಿಯರಿಂದ ಬಂದದ್ದನ್ನೂ ಸೇರಿಸಿ ಹೇಳುತ್ತದೆ. ಇಂಟರ್‌ಫೇಸ್ ಹಾಗಲ್ಲ. ತನ್ನ ಹಾಳೆಯಲ್ಲಿ ಬರೆದಿರುವುದನ್ನಷ್ಟೇ ಓದಿ ಬಾಯಿ ಮುಚ್ಚಿಕೊಳ್ಳುತ್ತದೆ. ಹಿರಿಯರದ್ದು ಬೇಕಾದರೆ “ನಿನ್ನ ಹಿರಿಯರು ಯಾರ್‍ಯಾರು” ಎಂದು ಬೇರೆಯಾಗಿ ಕೇಳಿ, ಅವರನ್ನೂ ವಿಚಾರಿಸಬೇಕು. ಅದು ಸುಳ್ಳು ಹೇಳುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಬಾಯಿ ತೆರೆದರೆ ಅಜ್ಜ ಎನ್ನುವ ಈ ಮಹಾನುಭಾವ ಅಜ್ಜನನ್ನು ಕೇಳುವುದನ್ನೇ ಮರೆತ.

ಹಾಳೆಯಲ್ಲಿ ನಾಲ್ಕು ಸಾಲು ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಉಳಿದ ಹತ್ತು ಎಲ್ಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಇವನು ನೋಡಿದ. ತನ್ನ ನಾಲ್ಕೂ ಇದ್ದವು, ಅಕ್ಷರ ತಪ್ಪಿಲ್ಲದೆ. ಸರಿಯಾಗಿದೆ ಎಂದು ಸಹಿ ಹಾಕಿದ.

ಮ್ಯಾನೇಜರಿಗಂತೂ ಆ ಹಾಳೆ ಕಂಡು ಕಣ್ಣು ತುಂಬಿ ಬಂತು.

“ಹಳೇ ಹಾಳೇಲಿ ಎಷ್ಟು ಸಾಲಿತ್ತು?”

“ಹತ್ತು, ಸರ್.”

“ಈಗ ನಾಲ್ಕು! ಹತ್ತಿದ್ದದ್ದನ್ನ ನಾಲ್ಕಕ್ಕೆ ಇಳಿಸಿದ್ರಾ! ನಾನು ಮೇಲಕ್ಕೆ ಬರೀತೀನಿ. ಇದನ್ನ ಎಲ್ಲಾ ಕಡೆ ಜಾರಿ ಮಾಡ್ಬೇಕು ಕಣ್ರೀ.”

“ನಮ್ಮಜ್ಜನ ಆಶೀರ್ವಾದ, ಸರ್.”

ಸೋಮವಾರ ಸಭೆ ಸೇರಿಸಿ ಇವನಿಗೊಂದು ಗೋಡೆ ಗಡಿಯಾರ ಕೊಟ್ಟರು. ತಪಾಸಣೆಯ ಸಮಯವನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದಕ್ಕೆ ಎಂದು ಅದರ ಹಿಂದೆ ಚೀಟಿ ಅಂಟಿಸಿದ್ದರು. ಮ್ಯಾನೇಜರು ಆಡಿದ ಮಾತುಗಳಲ್ಲಿ ಉಳಿತಾಯ ಎಂಬುದು ಆರು ಸಲ ಬಂತು, ಲಿಫ್ಟು ಎಂಬುದು ಒಮ್ಮೆಯೂ ಬರಲಿಲ್ಲ. ಇಪ್ಪತ್ತಾರು ಜನ ಚಪ್ಪಾಳೆ ತಟ್ಟಿದರು. ಅವರಲ್ಲಿ ಎಂಟು ಮಂದಿ ಬ್ರೇಕು ಬಿಚ್ಚಿ ಕಟ್ಟಿ ಕೈ ಕಪ್ಪಾದವರು. ಅವರೂ ತಟ್ಟಿದರು.

ಮಂಗಳವಾರ ಇಬ್ಬರು ಫಿಟ್ಟರುಗಳು ಆಸ್ಪತ್ರೆಗೆ ಹೋಗಿ ಗಾಲಿ ತಡೆ ನೋಡಿದರು, ಕೊಕ್ಕೆ ಎಳೆದು ನೋಡಿದರು, ಬ್ಯಾಟರಿ ನೋಡಿದರು, ಬಾಗಿಲಿಗೆ ಕಿವಿಯಿಟ್ಟು ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಹಾಳೆಯಲ್ಲಿ ಅಷ್ಟೇ ಇತ್ತು. ಮೊಮ್ಮಗ ಜೇಬಿನಿಂದ ಸೀಲು ತೆಗೆದು, ಬಾಯಿಂದ ಹಬೆ ಊದಿ, ಠಪ್ಪೆಂದು ಒತ್ತಿದ. ಆ ಊದುವುದು ಅಜ್ಜನಿಂದ ಬಂದ ಅಭ್ಯಾಸ ಎನ್ನುತ್ತಾನೆ.

ಗುರುವಾರ ಗ್ರೀಸಕ್ಕ ರಜೆ ಮುಗಿಸಿ ಬಂದಳು.

ಗ್ರೀಸಕ್ಕ ನಮ್ಮಲ್ಲಿ ಹಿರಿಯ ಫಿಟ್ಟರು. ಐವತ್ತೆಂಟು ವಯಸ್ಸು, ಉಗುರ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿದ್ದಿಲ್ಲ. ಕೆಲಸ ಕಲಿತದ್ದು ಮೊಮ್ಮಗನ ಅಪ್ಪನ ಹತ್ತಿರ. ಮೇಜಿನ ಮೇಲಿದ್ದ ಹಾಳೆಯ ನಕಲನ್ನು ಎತ್ತಿ ಮುಂದೆ ನೋಡಿದಳು, ಹಿಂದೆ ತಿರುಗಿಸಿದಳು, ಬೆಳಕಿಗೆ ಹಿಡಿದಳು.

“ಇದರ ಇನ್ನೊಂದು ಹಾಳೆ ಎಲ್ಲಿ?”

“ಅಷ್ಟೇ ಅಕ್ಕ, ಒಂದೇ ಹಾಳೆ” ಎಂದ ಫಿಟ್ಟರು.

“ಬ್ರೇಕು ಎಲ್ಲಿ?”

“ಹಾಳೇಲಿಲ್ಲ.”

“ಲಿಫ್ಟಲ್ಲಿ ಇದ್ಯಾ, ಅದೂ ಇಲ್ವಾ?”

ಫಿಟ್ಟರು ಪಕ್ಕದವನ ಮುಖ ನೋಡಿದ, ಪಕ್ಕದವನು ಕಿಟಕಿ ನೋಡಿದ. ಗ್ರೀಸಕ್ಕ ಚೀಲವನ್ನು ಹೆಗಲಿಂದ ಇಳಿಸದೆ ಹಾಗೇ ಆಸ್ಪತ್ರೆಗೆ ನಡೆದಳು. ಆರು ಅಂತಸ್ತನ್ನು ಮೆಟ್ಟಿಲಲ್ಲಿ ಹತ್ತಿ ಮೋಟಾರು ಕೋಣೆಗೆ ಹೋಗಿ ನೋಡಿದರೆ, ಸಾಗಿಸುವಾಗ ಅಲುಗಾಡದಿರಲೆಂದು ಕಾರ್ಖಾನೆಯವರು ಬ್ರೇಕಿನ ಎರಡು ದವಡೆಗಳ ನಡುವೆ ಇಟ್ಟಿದ್ದ ಮರದ ತುಂಡು ಹಾಗೇ ಇತ್ತು. ಹಿಡಿಯಬೇಕಾದ ಬ್ರೇಕು ಮರದ ತುಂಡನ್ನು ಕಚ್ಚಿಕೊಂಡು ಕೂತಿತ್ತು. ಎರಡು ದಿನದಿಂದ ಆ ಲಿಫ್ಟಿನಲ್ಲಿ ಹಾಸಿಗೆ ದಿಂಬುಗಳು ಓಡಾಡಿದ್ದವು, ಮನುಷ್ಯರು ಇನ್ನೂ ಹತ್ತಿರಲಿಲ್ಲ. ಸೋಮವಾರದಿಂದ ರೋಗಿಗಳು ಬರುವುದಿತ್ತು.

ಗ್ರೀಸಕ್ಕ ಲಿಫ್ಟಿಗೆ ಬೀಗ ಜಡಿದು, ಆ ಮರದ ತುಂಡನ್ನು ತಂದು ಮೊಮ್ಮಗನ ಮೇಜಿನ ಮೇಲೆ, ಗೋಡೆ ಗಡಿಯಾರದ ಪಕ್ಕದಲ್ಲಿಟ್ಟಳು.

“ಏನಕ್ಕ ಇದು?”

“ನಿನ್ನ ಗಡಿಯಾರಕ್ಕೆ ಜೋಡಿ. ಅಪ್ಪಾ, ನಿಮ್ಮಜ್ಜನ ಮಾತು ದಿನಕ್ಕೆ ನಲವತ್ತು ಸಲ ಆಡ್ತೀಯಲ್ಲ, ಆ ಅಜ್ಜ ಬರೆದಿದ್ದ ಏಳರಲ್ಲಿ ಒಂದಾದ್ರೂ ಈ ಹಾಳೇಲಿ ತೋರ್ಸು.”

ಮೊಮ್ಮಗ ಹಾಳೆ ನೋಡಿದ. ಮೊದಲ ಸಲ ತನ್ನ ನಾಲ್ಕನ್ನು ಬಿಟ್ಟು ಉಳಿದ ಜಾಗವನ್ನೂ ನೋಡಿದ. ಮುಖ ಹುಳ್ಳಗಾಯಿತು.

“ಕಂಪ್ಯೂಟರ್ ಬಿಟ್ಟಿದೆ ಅಕ್ಕ.”

“ಕಂಪ್ಯೂಟರಿಗೆ ಅಜ್ಜ ಇದ್ದಾನಾ? ಇರೋದು ನಿನಗೆ.”

ಮ್ಯಾನೇಜರಿಗೆ ಸುದ್ದಿ ತಲುಪಿತು. ಮೂರು ದಿನದ ಹಿಂದೆ ಚಪ್ಪಾಳೆ ತಟ್ಟಿಸಿದ್ದು ಅವರಿಗೆ ಈಗ ನೆನಪಿರಲಿಲ್ಲ. “ನೋಡಿ, ಶನಿವಾರ ಮಧ್ಯಾಹ್ನದೊಳಗೆ ಸರಿಯಾದ ಹಾಳೆ ಬೇಕು. ಗ್ರೀಸಕ್ಕ ಒಪ್ಪಿದ್ರೆ ಸೀಲು ಒತ್ತಿ. ಇನ್ನೊಂದು ಸಲ ಹೀಗಾದ್ರೆ ಸೀಲು ನಿಮ್ಮ ಕೈಲಿರಲ್ಲ, ಇನ್ನೊಬ್ಬರಿಗೆ ಹೋಗುತ್ತೆ” ಎಂದರು. ಇನ್ನೊಬ್ಬರು ಯಾರೆಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ಪ್ರೋಗ್ರಾಮೂ ಗೊತ್ತಿದ್ದು ಲಿಫ್ಟೂ ಗೊತ್ತಿದ್ದ ಇನ್ನೊಬ್ಬರು ಆ ಕಚೇರಿಯಲ್ಲಿ ಒಬ್ಬರೇ. ಅವಳು ತಲೆಯ ಮೇಲೆ ಕನ್ನಡಕವಿಟ್ಟುಕೊಂಡು ಮೇಜಿನ ಕೆಳಗೆ ಬಗ್ಗಿ ಕನ್ನಡಕ ಹುಡುಕುತ್ತಿದ್ದಳು.

ಮೊಮ್ಮಗನ ಕೈ ಜೇಬಿಗೆ ಹೋಗಿ ಸೀಲನ್ನು ಮುಟ್ಟಿ ನೋಡಿಕೊಂಡಿತು. ನಲವತ್ತನಾಲ್ಕು ವರ್ಷದ ಬಾಳಿನಲ್ಲಿ ಇದು ನನ್ನದು ಎಂದು ತೋರಿಸಲು ಇವನ ಹತ್ತಿರ ಇದ್ದದ್ದು ಅದೊಂದೇ. ಅದೂ ಇವನು ಮಾಡಿಸಿದ್ದಲ್ಲ.

ತಂಗಿ ಅವತ್ತೇ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಅಣ್ಣ, ಇಂಟರ್‌ಫೇಸ್‌ನ ಕೇಳ್ದಾಗ ಅದು ತನ್ನದಷ್ಟೇ ಹೇಳೋದು. ಹಿರಿಯರ ಪಟ್ಟಿ ಬೇರೆ ತಗೋಬೇಕು. ನಾನು…”

“ಗೊತ್ತು ಪುಟ್ಟಿ, ಗೊತ್ತು. ಅದನ್ನೇ ಮಾಡ್ತಾ ಇದ್ದೆ.”

“ಪಟ್ಟಿ ತಗೊಂಡ್ಮೇಲೆ ಇನ್ನೊಂದು…”

“ನೀನು ನಿನ್ನ ಕೆಲಸ ನೋಡು. ಮನೇಲಿ ಅತ್ತಿಗೆ ನಿನ್ನ ಕೇಳ್ತಾ ಇದ್ಲು, ಒಂದು ಫೋನ್ ಮಾಡು.”

ಪುಟ್ಟಿ ಎಂದರೆ ಮೂವತ್ತೆಂಟು ವರ್ಷದ ಹೆಂಗಸು, ಹೈಸ್ಕೂಲಿಗೆ ಹೋಗುವ ಮಗಳ ತಾಯಿ. ಅವಳು ಕುರ್ಚಿಯನ್ನು ಮತ್ತೆ ಎಳೆದುಕೊಂಡು ಹೋದಳು. ಅವಳು ಹೇಳಹೊರಟ ಆ ಇನ್ನೊಂದು ಸಂಗತಿಯನ್ನು ಕೇಳುವ ತಾಳ್ಮೆ ಅರ್ಧ ನಿಮಿಷ ಇದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿದು, ನನಗೂ ಬರೆಯುವ ಶ್ರಮ ತಪ್ಪುತ್ತಿತ್ತು.

ಆ ಸಂಗತಿ ಇಷ್ಟೇ. ಆಸ್ಪತ್ರೆ ಲಿಫ್ಟಿನ ಕರಾರನ್ನು “ನಿನ್ನ ಹಿರಿಯರು ಯಾರ್‍ಯಾರು” ಎಂದು ಕೇಳಿದರೆ ಅದು ಅಪ್ಪನನ್ನಷ್ಟೇ ತೋರಿಸಿ ಸುಮ್ಮನಾಗುವುದಿಲ್ಲ. ಅಪ್ಪ, ಅಜ್ಜ, ಎಷ್ಟು ತಲೆಮಾರಿದ್ದರೂ ಎಲ್ಲರನ್ನೂ ಒಂದೇ ಸಾಲಿನಲ್ಲಿ ತಂದು ನಿಲ್ಲಿಸುತ್ತದೆ. ಒಮ್ಮೆ ಕೇಳಿದರೆ ಸಾಕು. ಮೊಮ್ಮಗನಿಗೆ ಇದು ಗೊತ್ತಿರಲಿಲ್ಲ. ಕೇಳುವ ಜಾಯಮಾನವೂ ಅಲ್ಲ. ಸಿಕ್ಕ ಪ್ರತಿಯೊಬ್ಬ ಹಿರಿಯನನ್ನೂ ಮತ್ತೆ “ನಿನ್ನ ಹಿರಿಯರು ಯಾರು” ಎಂದು ಕೇಳುವಂತೆ ಏಣಿ ಕಟ್ಟಿದ. ಅಜ್ಜನು ಸಾಲಿನಲ್ಲಿ ಒಮ್ಮೆ ಬಂದು ನಿಂತಿದ್ದ. ಅಪ್ಪನನ್ನು ಕೇಳಿದಾಗ ಅಪ್ಪನ ಕೈ ಹಿಡಿದುಕೊಂಡು ಇನ್ನೊಮ್ಮೆ ಬಂದ.

ಶುಕ್ರವಾರ ಸಂಜೆ ಹಾಳೆ ಬಿತ್ತು. ಇಪ್ಪತ್ತೊಂದು ಸಾಲು.

ಗ್ರೀಸಕ್ಕ ಬೆರಳಿಟ್ಟು ಎಣಿಸಿದಳು. “ನಾಲ್ಕು ನಿಂದು. ಮೂರು ನಿಮ್ಮಪ್ಪಂದು. ಏಳು ಅಜ್ಜಂದು. ಮತ್ತೆ ಏಳು… ಇದ್ಯಾರದಪ್ಪ?”

“ಅದೂ ಅಜ್ಜನದೇ.”

“ಮೊನ್ನೆ ಮರ್ತಿದ್ದಕ್ಕೆ ಇವತ್ತು ಎರಡು ಸಲ ಕರೆದ್ಯಾ? ಹಗ್ಗ ಎರಡು ಸಲ ನೋಡ್ಬೇಕಾ ನಾನು? ಬೆಳಿಗ್ಗೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ?”

ಸುತ್ತ ನಿಂತಿದ್ದವರು ನಕ್ಕರು. ತಂಗಿ ನಗಲಿಲ್ಲ. ಕನ್ನಡಕವನ್ನು ಮೂಗಿಗಿಳಿಸಿ ಪರದೆಯನ್ನು ನೋಡಿ, ಮೆಲ್ಲಗೆ ಹೇಳಿದಳು, “ಅಣ್ಣ, ಆ ಏಣಿ ಬೇಡ. ಪ್ರೋಗ್ರಾಮಲ್ಲಿ ಎರಡು ಸಾಲು ಅಳಿಸಿದ್ರೆ ಮುಗೀತು. ಅಳಿಸ್ಲಾ?”

“ಅಳಿಸೋದು ಸುಲಭ, ಪುಟ್ಟಿ. ಕಟ್ಟೋದು ಕಷ್ಟ.”

ಇದು ಎಲ್ಲರ ಎದುರಿಗೆ ಆಡಿದ ಮಾತು. ಕೇಳಿದವರಿಗೆ ಘನವಾಗಿ ಕಂಡಿರಬಹುದು. ಆಮೇಲೆ ಇವನು ಮಾಡಿದ್ದನ್ನು ನೋಡಿ. ಶನಿವಾರ ಬೆಳಿಗ್ಗೆ ಮೇಜಿನ ಸೆಳೆಖಾನೆಯಿಂದ ಒಂದಡಿಯ ಸ್ಕೇಲು ತೆಗೆದ, ಕೆಂಪು ಪೆನ್ನು ತೆಗೆದ, ಎರಡನೆಯ ಅಜ್ಜನ ಏಳು ಸಾಲಿನ ಮೇಲೂ ಒಂದೊಂದಾಗಿ ಗೆರೆ ಎಳೆದ. ಇಪ್ಪತ್ತೊಂದರಲ್ಲಿ ಏಳು ಹೋದರೆ ಹದಿನಾಲ್ಕು. ಕಂಪ್ಯೂಟರು ಬರೆದ ಹಾಳೆಯನ್ನು ಪ್ರೋಗ್ರಾಮು ಬರೆಯುವವನು ಸ್ಕೇಲಿನಿಂದ ತಿದ್ದಿದ. ಗ್ರೀಸಕ್ಕ ಹದಿನಾಲ್ಕನ್ನೂ ಕೈಯಾರೆ ಮುಟ್ಟಿ ನೋಡಿ, ಒಪ್ಪಿದೆ ಎಂದು ಗುರುತು ಹಾಕಿದಳು. ಹನ್ನೊಂದೂಮುಕ್ಕಾಲಿಗೆ ಸೀಲು ಬಿತ್ತು. ಸೋಮವಾರ ಆಸ್ಪತ್ರೆಗೆ ರೋಗಿಗಳು ಬಂದರು, ಲಿಫ್ಟು ಅವರನ್ನು ಮಂಚದ ಸಮೇತ ಹೊತ್ತೊಯ್ದಿತು. ಸೀಲು ಇವನ ಜೇಬಿನಲ್ಲೇ ಉಳಿಯಿತು.

ಅಲ್ಲಿಗೆ ಪಾಠ ಕಲಿತ ಎಂದುಕೊಂಡರೆ ನೀವು ಇಂಥವರ ಜೊತೆ ಕೆಲಸ ಮಾಡಿಲ್ಲ ಎಂದು ಅರ್ಥ. ಪ್ರೋಗ್ರಾಮನ್ನು ಮುಟ್ಟಲಿಲ್ಲ. ಬೇರೆಯವರೂ ಮುಟ್ಟದಂತೆ ಗುಟ್ಟಿನ ಪದ ಹಾಕಿ ಭದ್ರ ಮಾಡಿದ. ಆಸ್ಪತ್ರೆ ಲಿಫ್ಟುಗಳು ಒಂದರ ಹಿಂದೊಂದು ಬರತೊಡಗಿದವು. ದಿನ ಬೆಳಗಾದರೆ ಹಾಳೆಗಳ ಕಟ್ಟು ಬೀಳುತ್ತಿತ್ತು, ಪ್ರತಿಯೊಂದರಲ್ಲೂ ಇಪ್ಪತ್ತೊಂದು ಸಾಲು. ಇವನು ತೋಳು ಮಡಚಿಕೊಂಡು, ಸ್ಕೇಲು ಒತ್ತಿ ಹಿಡಿದು, ಏಳೇಳು ಕೆಂಪು ಗೆರೆ ಎಳೆಯುತ್ತಿದ್ದ. ಹನ್ನೊಂದು ಗಂಟೆಯವರೆಗೆ ಅದೇ ಕೆಲಸ. ಚಹಾ ತಂದುಕೊಡುವವನು “ಏನ್ ಸಾರ್, ಡ್ರಾಯಿಂಗ್ ಕ್ಲಾಸಾ?” ಎಂದು ಕೇಳಿ ಬೈಸಿಕೊಂಡ.

ಮ್ಯಾನೇಜರನ್ನು ಕಡಿಮೆ ಎಣಿಸಬೇಡಿ. ಅವರು ಕೆಂಪು ಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿ, ಸ್ವಲ್ಪ ಯೋಚಿಸಿ, ಮೇಲಿನವರಿಗೆ ಕಳಿಸುವ ವರದಿಯಲ್ಲಿ “ಎರಡು ಹಂತದ ಪರಿಶೀಲನೆ: ಮೊದಲು ಯಂತ್ರದಿಂದ, ಬಳಿಕ ಅನುಭವಿ ಅಧಿಕಾರಿಯಿಂದ” ಎಂದು ಬರೆದರು. ಮೇಲಿನವರು ಮೆಚ್ಚಿ ಉತ್ತರ ಬರೆದರು. ನಾಲ್ಕು ಸಾಲಿನ ಹಾಳೆಯನ್ನು ಮೆಚ್ಚಿದ್ದವರೂ ಅವರೇ, ಇಪ್ಪತ್ತೊಂದು ಸಾಲಿನದನ್ನು ಮೆಚ್ಚಿದವರೂ ಅವರೇ. ಸರಿಯಾಗಿ ಹದಿನಾಲ್ಕು ಸಾಲಿನ ಹಾಳೆ ಕಳಿಸಿದ್ದರೆ ಬಹುಶಃ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ತಂಗಿ ಡಬ್ಬಿ ಬಿಚ್ಚುತ್ತಾ ಆಗಾಗ ಕೇಳುತ್ತಿದ್ದಳು, “ಅಣ್ಣ, ಗುಟ್ಟಿನ ಪದ ಕೊಡು, ಎರಡು ನಿಮಿಷದ ಕೆಲಸ.”

“ಬಿಡು ಪುಟ್ಟಿ, ಹೀಗೇ ಚೆನ್ನಾಗಿದೆ. ಕಣ್ಣಾಡಿಸಿದ ಹಾಗೂ ಆಗುತ್ತೆ.”

“ಕಣ್ಣಾಡಿಸ್ತಾ ಕೈ ತಪ್ಪಿದ್ರೆ?”

“ನಮ್ಮ ವಂಶದ ಕೈ ತಪ್ಪಲ್ಲ.”

“ನನ್ನ ಕೈ ಯಾವ ವಂಶದ್ದಣ್ಣ?”

ಇವನು ಉಪ್ಪು ಕೇಳಿದ.

ಕೈ ತಪ್ಪಿತು. ಎರಡು ತಿಂಗಳು ಕಳೆದಿತ್ತು. ಯಾವುದೋ ಪತ್ರಿಕೆಯವರು ಹಳೆಯ ಲಿಫ್ಟುಗಳ ಬಗ್ಗೆ ಬರೆಯಲು ಫೋನು ಮಾಡಿದ್ದರು. ಮೊಮ್ಮಗ ಎಡಗಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಅಜ್ಜ ಇದ್ದಿಲಿನಿಂದ ಗೋಡೆಯ ಮೇಲೆ ಏಳು ಸಾಲು ಬರೆದ ಕಥೆಯನ್ನು ಹೇಳುತ್ತಾ, ಬಲಗೈಯಲ್ಲಿ ಗೆರೆ ಎಳೆಯುತ್ತಿದ್ದ. ಹಗ್ಗ ಒಂದು ಹೋಯಿತು, ಒಂದು ಉಳಿಯಿತು. ಬೀಗ ಒಂದು ಹೋಯಿತು, ಒಂದು ಉಳಿಯಿತು. ಬ್ರೇಕು ಎರಡೂ ಹೋಯಿತು. ಗಂಟೆ ಎರಡೂ ಉಳಿಯಿತು. ಹೀಗಾಗಿ ಎಣಿಸಿದರೆ ಹದಿನಾಲ್ಕು ಸರಿಯಾಗಿಯೇ ಇತ್ತು. ಇವನು ಎಣಿಸಿಯೇ ಸೀಲು ಒತ್ತಿದ, ಬಾಯಿಂದ ಊದಿ.

ಅದೃಷ್ಟಕ್ಕೆ ಆ ಹಾಳೆ ಹೋದದ್ದು ಗ್ರೀಸಕ್ಕನ ಕೈಗೆ. ಅವಳು ಬ್ರೇಕು ನೋಡುವುದಕ್ಕೆ ಹಾಳೆಯ ಅಪ್ಪಣೆಗೆ ಕಾಯುವವಳಲ್ಲ. ಮೊದಲು ಬ್ರೇಕು ನೋಡಿದಳು, ಆಮೇಲೆ ಹಾಳೆಯಲ್ಲಿ ಗುರುತು ಹಾಕಲು ಆ ಸಾಲು ಹುಡುಕಿದಳು. ಎರಡು ಕಡೆಯೂ ಕೆಂಪು ಗೆರೆ. ಗಂಟೆಯನ್ನು ಒಮ್ಮೆ ಬಾರಿಸಿ, ಇನ್ನೊಮ್ಮೆ ಬಾರಿಸಿ, ಹಾಳೆ ಮಡಚಿಕೊಂಡು ಬಂದು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು.

ಅವತ್ತು ಆ ಕೋಣೆಯಲ್ಲಿ ನಾಲ್ಕು ಜನ ಇದ್ದರು. ಮೇಜಿನ ಹಿಂದೆ ಮ್ಯಾನೇಜರು. ಎದುರಿಗೆ ಮೊಮ್ಮಗ, ಕೈ ಜೇಬಿನಲ್ಲಿ. ಬಾಗಿಲ ಹತ್ತಿರ ಗ್ರೀಸಕ್ಕ. ಕಿಟಕಿಯ ಹತ್ತಿರ ತಂಗಿ, ಅವಳನ್ನು ಹೇಳಿ ಕಳಿಸಿ ಕರೆಸಿದ್ದರು. ಅವರು ಆಡಿದ್ದನ್ನು ಗ್ರೀಸಕ್ಕ ನನಗೆ ಎರಡು ಸಲ ಹೇಳಿದ್ದಾಳೆ, ಎರಡು ಸಲವೂ ಒಂದೇ ಥರ.

ಮ್ಯಾನೇಜರು ಕೆಟ್ಟವರಲ್ಲ, ಸದ್ದು ಗದ್ದಲ ಬೇಡ ಎನ್ನುವವರು. “ನೋಡಿ, ನಾನು ಹೇಳಿದ್ದೆ. ಆದ್ರೆ ನಿಮ್ಮ ಮನೆತನದ ಮುಖ ನೋಡಿ ಒಂದು ದಾರಿ ಹೇಳ್ತೀನಿ. ಪ್ರೋಗ್ರಾಮನ್ನ ನಿಮ್ಮ ತಂಗಿ ಸರಿ ಮಾಡ್ಲಿ. ಸೀಲು ನಿಮ್ಮ ಹತ್ರಾನೇ ಇರ್ಲಿ. ಹೊರಗೆ ಯಾರಿಗೂ ಗೊತ್ತಾಗಲ್ಲ. ಒಪ್ಕೊಳ್ಳಿ.”

ಮೊಮ್ಮಗ ಜೇಬಿನೊಳಗೆ ಸೀಲನ್ನು ತಿರುವುತ್ತಾ ನಿಂತ.

“ಎರಡೇ ಸಾಲು ಅಣ್ಣ” ಎಂದಳು ತಂಗಿ. “ನನ್ನ ಹೆಸರು ಎಲ್ಲೂ ಹಾಕ್ಬೇಡ. ನೀನೇ ಪಕ್ಕದಲ್ಲಿ ಕೂತ್ಕೋ, ನಾನು ಹೇಳ್ತೀನಿ, ನೀನೇ ಅಳಿಸು.”

“ಅಪ್ಪಾ,” ಎಂದಳು ಗ್ರೀಸಕ್ಕ, “ನಿಮ್ಮಪ್ಪ ಆಗಿದ್ರೆ ಇಷ್ಟೊತ್ತಿಗೆ ಅವಳಿಗೆ ಚಹಾ ತರಿಸಿ, ‘ಹೇಳಮ್ಮ, ಎಲ್ಲಿ ತಪ್ಪಿದೆ’ ಅಂತ ಕೇಳ್ತಾ ಕೂತಿರೋರು. ನಿಮ್ಮಜ್ಜ ಸ್ಟೂಲು ಹಾಕ್ಕೊಂಡು ಕೂತಿದ್ದವರನ್ನೆಲ್ಲಾ ಕೇಳಿಯೇ ಆ ಏಳು ಬರೆದಿದ್ದು. ಕೇಳೋದ್ರಲ್ಲಿ ಏನು ಹೋಗುತ್ತೆ?”

ಮೊಮ್ಮಗ ಜೇಬಿನಿಂದ ಕೈ ತೆಗೆದ. ಹಿತ್ತಾಳೆಯ ಸೀಲು ಕೈಯಲ್ಲಿತ್ತು, ಹಿಡಿದು ಹಿಡಿದು ಬೆವತಿತ್ತು. ಅಭ್ಯಾಸ ಬಲದಿಂದ ಅದಕ್ಕೆ ಒಮ್ಮೆ ಹಬೆ ಊದಿ, ಅಂಗಿಯ ತುದಿಯಲ್ಲಿ ಒರೆಸಿ, ಮ್ಯಾನೇಜರ ಮೇಜಿನ ಮೇಲೆ, ತಂಗಿಗೆ ಹತ್ತಿರವಾದ ಅಂಚಿನಲ್ಲಿಟ್ಟ. ಆಮೇಲೆ ಎದೆ ಸೆಟೆಸಿ, ಯಾರ ಮುಖವನ್ನೂ ನೋಡದೆ ಹೇಳಿದ:

“ಸೀಲು ಬೇಕಾದ್ರೆ ಇಟ್ಕೊಳ್ಳಿ, ಸರ್. ಸಹಾಯ ಮಾತ್ರ ಬೇಡ. ನಮ್ಮ ಮನೇಲಿ ಮೂರು ತಲೆಮಾರಿಂದ ಯಾರೂ ಯಾರನ್ನೂ ಏನೂ ಕೇಳಿದೋರಲ್ಲ.”